ಅಂಗೈಯ ಯಂತ್ರ, ಅಂಗಳದ ವಿಷ

ಎರಡು ವರ್ಷಗಳ ಹಿಂದಿನ ಮಾತು. ಹುನಗುಂದ ಭಾಗದ ಹಳ್ಳಿಯೊಂದರಿಂದ ತಾಯಿಯೊಬ್ಬಳು ತನ್ನ ಏಳು ವರ್ಷದ ಮಗನನ್ನು ಇಳಕಲ್ಲಿನ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದಳು. ಬಾಲಕನಿಗೆ ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ಮಲಬದ್ಧತೆ, ಊಟ ಬೇಡವೆನ್ನುವ ಹಟ, ಮುಖ ಬಿಳಚಿಕೊಂಡಿತ್ತು. ನಾವು ಅಗ್ನಿಮಾಂದ್ಯವೆಂದೂ ಕೃಮಿದೋಷವೆಂದೂ ತಿಳಿದು ಔಷಧಿ ಕೊಟ್ಟೆವು. ಒಂದು ತಿಂಗಳು ಕಳೆಯಿತು, ಎರಡನೆಯದೂ ಕಳೆಯಿತು, ಗುಣ ಕಾಣಲಿಲ್ಲ. ಓದಿದ್ದು ತಲೆಗೆ ಹತ್ತುತ್ತಿಲ್ಲವೆಂದು ಶಾಲೆಯ ಗುರುಗಳು ಹೇಳಿದ ಮಾತೂ ಅದಕ್ಕೆ ಸೇರಿಕೊಂಡಿತು.

ಮೂರನೆಯ ಸಲ ಬಂದಾಗ, ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆವು: “ಯವ್ವಾ, ಮನ್ಯಾಗ ಉದ್ಯೋಗ ಏನು ಮಾಡ್ತೀರಿ?”

“ಹೊಲದಾಗ ಏನೂ ಹುಟ್ಟವಲ್ದ್ರೀ ಡಾಕ್ಟ್ರ. ಇವರಪ್ಪ ಹಳೀ ಬ್ಯಾಟ್ರಿ ಒಡದು ಸೀಸಾ ತಗೀತಾರ್ರೀ. ಹಿತ್ತಲದಾಗ ಒಲೀ ಹೂಡಿ ಕರಗಸ್ತಾರ. ಇಂವನೂ ಅಲ್ಲೇ ಆಡಕೋಂತ ಇರತಾನ.”

ಆ ಕ್ಷಣ ನಮ್ಮ ಕೈಯಲ್ಲಿದ್ದ ಲೇಖನಿ ನಿಂತಿತು. ಹೊಟ್ಟೆನೋವು, ಮಲಬದ್ಧತೆ, ಪಾಂಡು, ಬುದ್ಧಿಮಾಂದ್ಯ: ಇವೆಲ್ಲ ಸೀಸದ ವಿಷದ ಲಕ್ಷಣಗಳು. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ರಕ್ತಪರೀಕ್ಷೆಯಲ್ಲಿ ಸೀಸದ ಪ್ರಮಾಣ ಮಿತಿಮೀರಿತ್ತು. ಅಲ್ಲಿಯ ತಜ್ಞರು ಚಿಕಿತ್ಸೆ ಮಾಡಿದರು. ನಾವು ಹೇಳಿದ್ದು ಒಂದೇ ಮಾತು: ಮನೆಯ ಹಿತ್ತಲಿನಲ್ಲಿ ಆ ಒಲೆ ಇನ್ನು ಉರಿಯಕೂಡದು. ಆಯುರ್ವೇದವು ಇದನ್ನು ನಿದಾನ ಪರಿವರ್ಜನೆ ಎನ್ನುತ್ತದೆ. ರೋಗದ ಕಾರಣವನ್ನು ದೂರ ಮಾಡುವುದೇ ಮೊದಲ ಚಿಕಿತ್ಸೆ. ಒಲೆ ನಿಂತಿತು. ಬಾಲಕನ ಹೊಟ್ಟೆನೋವು ಹೋಯಿತು, ಮುಖಕ್ಕೆ ರಕ್ತ ಬಂದಿತು. ಆದರೆ ಓದಿನಲ್ಲಿ ಅವನು ಇಂದಿಗೂ ಓರಗೆಯವರಿಗಿಂತ ಹಿಂದಿದ್ದಾನೆ. ಬೆಳೆಯುವ ಮೆದುಳಿಗೆ ಸೀಸ ಮಾಡಿದ ಹಾನಿ ಪೂರ್ತಿಯಾಗಿ ಮರಳಿ ಸರಿಹೋಗುವುದು ಕಷ್ಟ.

ಅಂದು ರಾತ್ರಿ ನಮ್ಮನ್ನು ಕಾಡಿದ ವಿಚಾರ ಬೇರೆಯಿತ್ತು. ಆ ಹಿತ್ತಲಿಗೆ ಬ್ಯಾಟರಿಗಳು ಎಲ್ಲಿಂದ ಬರುತ್ತವೆ? ಕರೆಂಟು ಹೋದಾಗಲೂ ಕಂಪ್ಯೂಟರು, ವೈಫೈ, ಮೊಬೈಲ್ ಟವರು ನಿಲ್ಲಬಾರದೆಂದು ಅಂಗಡಿ, ಕಚೇರಿ, ಮನೆಗಳು ಇಟ್ಟುಕೊಂಡ ಇನ್ವರ್ಟರುಗಳಿಂದ ಬರುತ್ತವೆ. ಅದಕ್ಕೂ ಹಿಂದಿನ ವರ್ಷ ನಮ್ಮ ಚಿಕಿತ್ಸಾಲಯದ ಬ್ಯಾಟರಿ ಸತ್ತಾಗ, ಮಾರಿದ ಅಂಗಡಿಗೆ ಹಿಂದಿರುಗಿಸದೆ, ನಾಲ್ಕು ಕಾಸು ಹೆಚ್ಚು ಕೊಡುವೆನೆಂದ ಗುಜರಿಯವನಿಗೆ ಕೊಟ್ಟವರು ನಾವೇ. ಅದು ಯಾವ ಹಿತ್ತಲಿನಲ್ಲಿ ಕರಗಿತೋ, ಯಾವ ಕೂಸಿನ ಉಸಿರನ್ನು ಸೇರಿತೋ! ಔಷಧಿ ಕೊಟ್ಟ ಕೈಯೇ ವಿಷವನ್ನೂ ದಾಟಿಸಿರಬಹುದು.

ಮೊಬೈಲು ಹೊಗೆ ಬಿಡುವುದಿಲ್ಲ, ಶಬ್ದ ಮಾಡುವುದಿಲ್ಲ. ಆದ್ದರಿಂದ ಅದು ಶುದ್ಧವೆಂದು ನಾವೆಲ್ಲ ನಂಬಿದ್ದೇವೆ. ಅದರ ಹೊಗೆ ಬೇರೆ ಊರಿನಲ್ಲಿ ಏಳುತ್ತದೆ, ಅದರ ಬೂದಿ ಬೇರೆಯವರ ಅಂಗಳದಲ್ಲಿ ಬೀಳುತ್ತದೆ. ಇದೇ ಈ ಶುದ್ಧತೆಯ ಗುಟ್ಟು. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸನೀಯ ಎಂಬ ಅಧ್ಯಾಯವಿದೆ. ಆಹಾರ, ಪ್ರಕೃತಿ, ವಯಸ್ಸು ಬೇರೆ ಬೇರೆಯಾಗಿರುವ ಜನರೆಲ್ಲ ಒಂದೇ ಕಾಲಕ್ಕೆ ರೋಗಕ್ಕೆ ತುತ್ತಾಗುವುದು ಹೇಗೆಂದು ಅಗ್ನಿವೇಶನು ಕೇಳುತ್ತಾನೆ. ವಾಯು, ಜಲ, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಾಮಾನ್ಯವಾದವು. ಅವು ಕೆಟ್ಟರೆ ಜನಪದವೇ ಕೆಡುತ್ತದೆಂಬುದು ಆತ್ರೇಯರ ಉತ್ತರದ ಸಾರ. ಅವು ಕೆಡುವುದಕ್ಕೆ ಮೂಲ ಪ್ರಜ್ಞಾಪರಾಧ, ಅಂದರೆ ತಿಳಿದೂ ಮಾಡುವ ತಪ್ಪು. ಈ ನಾಲ್ಕನ್ನೇ ಹಿಡಿದು ನಮ್ಮ ಸೀಮೆಯನ್ನು ಒಮ್ಮೆ ಪರೀಕ್ಷಿಸೋಣ.

ಮೊದಲನೆಯದು ವಾಯು. ನಮ್ಮ ಜಿಲ್ಲೆಯ ಗಡಿಯಾಚೆ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟ್ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಪೂರ್ವಕ್ಕೆ ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 600ರಿಂದ 700 ಗ್ರಾಂ ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಬೂದಿಯೇ ಇರುತ್ತದೆ. ಬಹುಪಾಲು ಬೂದಿಯನ್ನು ಯಂತ್ರಗಳು ಹಿಡಿದಿಡುತ್ತವೆ. ತಪ್ಪಿಸಿಕೊಂಡ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ನ್ಯಾಯವಾಗಿ ಹೇಳುವುದಾದರೆ, ಒಂದು ಮೊಬೈಲಿನ ಚಾರ್ಜಿಗೆ ವರ್ಷಕ್ಕೆ ಹತ್ತು ಯೂನಿಟ್ಟೂ ಬೇಕಾಗಲಿಕ್ಕಿಲ್ಲ. ಆದರೆ ನಾವು ನೋಡುವ ಚಿತ್ರ, ಕಳುಹಿಸುವ ಸಂದೇಶಗಳೆಲ್ಲ ದೂರದ ದತ್ತಾಂಶ ಕೇಂದ್ರಗಳಲ್ಲಿ ಕುಳಿತಿರುತ್ತವೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಅಂಥ ಕೇಂದ್ರಗಳು ಉಪಯೋಗಿಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್. ಇದು ಜಗತ್ತಿನ ಒಟ್ಟು ಬಳಕೆಯ ಶೇಕಡಾ 1.5ರಷ್ಟು, ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ.

ಎರಡನೆಯದು ಜಲ. ಕೂಡಗಿಯ ಸ್ಥಾವರಕ್ಕೆ ಬೇಕಾದ ನೀರು ನಮ್ಮ ಆಲಮಟ್ಟಿ ಜಲಾಶಯದಿಂದಲೇ ಹೋಗುತ್ತದೆ. ಕಲ್ಲಿದ್ದಲಿನ ಶಾಖವನ್ನು ತಣಿಸಲು ನೀರು ಬೇಕು. ದತ್ತಾಂಶ ಕೇಂದ್ರದ ಯಂತ್ರಗಳನ್ನು ತಣಿಸಲೂ ಅನೇಕ ಕಡೆ ನೀರೇ ಬೇಕು. ಬೇಸಿಗೆಯಲ್ಲಿ ಕೊಡ ಹಿಡಿದು ಸರದಿ ನಿಲ್ಲುವ ನಮ್ಮ ತಾಯಂದಿರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರನೆಯದು ದೇಶ, ಅಂದರೆ ನೆಲ. ಆಲಮಟ್ಟಿಗೆ 1964ರಲ್ಲಿ ಶಂಕುಸ್ಥಾಪನೆಯಾಯಿತು. ನೀರಾವರಿಯ ಜೊತೆಗೆ ಇಂದು ಅಲ್ಲಿ 290 ಮೆಗಾವಾಟ್ ಜಲವಿದ್ಯುತ್ತಿನ ಸಾಮರ್ಥ್ಯವೂ ಇದೆ. ಅದಕ್ಕಾಗಿ ಹಳೆಯ ಬಾಗಲಕೋಟೆಯ ಓಣಿಗಳು, ಮನೆಗಳು ನೀರಿನಡಿ ಹೋದವು. ಜನ ನವನಗರಕ್ಕೆ ಬಂದರು. ಕೆಳಗಿನ ನಾರಾಯಣಪುರದ ಹಿನ್ನೀರು ಏರಿದಾಗ ಕೂಡಲಸಂಗಮದ ಐಕ್ಯಮಂಟಪವನ್ನು ಸುತ್ತ ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಳ್ಳಬೇಕಾಯಿತು. ಹೊಗೆಯಿಲ್ಲದ ವಿದ್ಯುತ್ತಿಗೂ ಬೆಲೆಯಿದೆಯೆಂಬುದನ್ನು ನಮ್ಮ ಜಿಲ್ಲೆಯವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಇನ್ನು ಕಸದ ಮಾತು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತು ಹೊರಚೆಲ್ಲಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ಕಾಲುಭಾಗಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಬಹಳಷ್ಟು ಗುಜರಿಯಲ್ಲಿ, ತಿಪ್ಪೆಯಲ್ಲಿ, ಹಿತ್ತಲಿನ ಒಲೆಯಲ್ಲಿ ಕೊನೆಗಾಣುತ್ತದೆ. ತಾಮ್ರಕ್ಕಾಗಿ ತಂತಿ ಸುಟ್ಟರೆ ಅದರ ಪ್ಲಾಸ್ಟಿಕ್ ಹೊದಿಕೆಯಿಂದ ಕ್ಯಾನ್ಸರ್‌ಕಾರಕ ಹೊಗೆ ಏಳುತ್ತದೆ. ಹಳೆಯ ಟಿ.ವಿ.ಯ ಗಾಜಿನಲ್ಲಿ ಸೀಸ, ಟ್ಯೂಬ್‌ಲೈಟಿನಲ್ಲಿ ಪಾದರಸ, ಕೆಲವು ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ. ಇವು ಮಣ್ಣಿಗೆ ಸೇರಿದರೆ ಕರಗಿ ಕಾಣೆಯಾಗುವುದಿಲ್ಲ.

ನಾಲ್ಕನೆಯದು ಕಾಲ. ಚರಕರ ಅರ್ಥದಲ್ಲಿ ಕಾಲ ಕೆಡುವುದೆಂದರೆ ಋತುಗಳು ತಮ್ಮ ಧರ್ಮವನ್ನು ಬಿಡುವುದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲೂಕುಗಳ ಹಳ್ಳಿಗಳನ್ನು ಮುಳುಗಿಸಿದಳು. ಪಟ್ಟದಕಲ್ಲಿನ ಗುಡಿಗಳಿಗೂ ನೀರು ಹೊಕ್ಕಿತು. 2023ರಲ್ಲಿ ರಾಜ್ಯದ ಬಹುತೇಕ ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಒಂದು ಪ್ರವಾಹವನ್ನೋ ಒಂದು ಬರವನ್ನೋ ತೋರಿಸಿ ಇದೇ ಕಾರಣವೆನ್ನಲು ಬಾರದು. ಆದರೆ ಕಲ್ಲಿದ್ದಲು ಉರಿಸಿದ ಇಂಗಾಲವು ಭೂಮಿಯ ಶಾಖವನ್ನು ಹೆಚ್ಚಿಸಿದೆ, ಅದರಿಂದ ಮಳೆ ಬಿಸಿಲುಗಳ ಅತಿರೇಕ ಹೆಚ್ಚುತ್ತಿದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಸಂದೇಹವಿಲ್ಲ. ದೇಹದೊಳಗಿನ ಕಾಲವೂ ಕೆಟ್ಟಿದೆ. ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರು ಶರೀರದ ಉಪಸ್ತಂಭಗಳು. ನಡುರಾತ್ರಿಯವರೆಗೆ ಪರದೆ ನೋಡುವವನು ನಿದ್ರೆಯೆಂಬ ಕಂಬವನ್ನು ತಾನೇ ಕಡಿದುಕೊಳ್ಳುತ್ತಾನೆ. ತಲೆಶೂಲೆ, ಅಜೀರ್ಣ, ಕಣ್ಣುರಿಯೆಂದು ನಮ್ಮಲ್ಲಿಗೆ ಬರುವ ತರುಣರಿಗೆ ನಾವು ಮೊದಲು ಕೇಳುವುದು ಮಲಗುವ ಹೊತ್ತನ್ನು.

ಹಾಗಾದರೆ ಮೊಬೈಲನ್ನು ಕೃಷ್ಣೆಗೆ ಎಸೆಯೋಣವೆ? ಖಂಡಿತ ಬೇಡ. ಹೆರಿಗೆ ನೋವು ಬಂದ ಹೆಣ್ಣುಮಗಳಿಗಾಗಿ ನಡುರಾತ್ರಿ 108ಕ್ಕೆ ಕರೆ ಮಾಡುವುದು ಅದರಿಂದಲೇ. ಈರುಳ್ಳಿಯ ಪೇಟೆ ಧಾರಣೆ ರೈತನಿಗೆ ತಿಳಿಯುವುದೂ ಅದರಿಂದಲೇ. ಔಷಧಿಗೂ ಮಾತ್ರೆಯೆಂಬ ಮಿತಿಯಿದೆ, ಯಂತ್ರಕ್ಕೂ ಇರಲಿ. ಮೊಬೈಲಿನಿಂದ ಪರಿಸರಕ್ಕಾಗುವ ಹಾನಿಯ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಆದ್ದರಿಂದ ಇದ್ದುದನ್ನು ಎರಡು ವರ್ಷದ ಬದಲು ನಾಲ್ಕು ವರ್ಷ ಬಳಸುವುದೇ ಎಲ್ಲಕ್ಕಿಂತ ದೊಡ್ಡ ಪಥ್ಯ. ಉಳಿದ ಪಥ್ಯಗಳು ಇವು:

1. ಇನ್ವರ್ಟರ್ ಬ್ಯಾಟರಿಯನ್ನು ಮಾರಿದ ಅಂಗಡಿಗೇ ಹಿಂದಿರುಗಿಸಿರಿ. ಹಳೆಯದಕ್ಕೆ ಅವರೂ ಬೆಲೆ ಕಟ್ಟುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವುದು ತಯಾರಕರ ಹೊಣೆ. ಹೆಚ್ಚಿನ ಕಾಸಿನ ಆಸೆಗೆ ಬೀಳಬೇಡಿರಿ.

2. ಹಳೆಯ ಮೊಬೈಲು, ಚಾರ್ಜರು, ತಂತಿಗಳನ್ನು ಸುಡಬೇಡಿರಿ, ಒಡೆಯಬೇಡಿರಿ, ಮಕ್ಕಳ ಆಟಿಕೆ ಮಾಡಬೇಡಿರಿ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಬೇಡಿರಿ, ಅದು ಹೊತ್ತಿಕೊಳ್ಳುತ್ತದೆ.

3. ಟ್ಯೂಬ್‌ಲೈಟ್ ಅಥವಾ ಸಿ.ಎಫ್.ಎಲ್. ಒಡೆದರೆ ಕಿಟಕಿ ತೆರೆದು ಮಕ್ಕಳೊಂದಿಗೆ ಹದಿನೈದು ನಿಮಿಷ ಹೊರಗಿರಿ. ಕಸಬರಿಗೆಯಿಂದ ಗುಡಿಸದೆ, ದಪ್ಪ ಕಾಗದದಿಂದ ಚೂರುಗಳನ್ನು ಎತ್ತಿ ಗಾಜಿನ ಭರಣಿಯಲ್ಲಿ ಮುಚ್ಚಿಡಿರಿ.

4. ಬ್ಯಾಟರಿ, ಗುಜರಿ, ಬೆಸುಗೆಯ ಕೆಲಸ ಮಾಡುವವರು ಕೈಕಾಲು ಮುಖ ತೊಳೆದು, ಬಟ್ಟೆ ಬದಲಿಸಿ ಮನೆಯೊಳಗೆ ಹೋಗಬೇಕು; ಆ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು. ಇವರ ಮಕ್ಕಳಿಗೆ ಕಾರಣ ತಿಳಿಯದ ಹೊಟ್ಟೆನೋವು, ರಕ್ತಹೀನತೆ, ಮಣ್ಣು ತಿನ್ನುವ ಚಟ ಕಂಡರೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿರಿ. ಸೀಸಕ್ಕೆ ಸುರಕ್ಷಿತವೆನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

5. ಕಬ್ಬಿಣ, ಸುಣ್ಣದ ಅಂಶ ಕಡಿಮೆಯಿರುವ ಮೈ ಸೀಸವನ್ನು ಹೆಚ್ಚು ಹೀರುತ್ತದೆ. ಸಜ್ಜೆರೊಟ್ಟಿ, ಎಳ್ಳು, ನುಗ್ಗೆಸೊಪ್ಪು, ಮೊಸರು, ನೆಲ್ಲಿಕಾಯಿ ಮಕ್ಕಳ ಊಟದಲ್ಲಿರಲಿ. ಇದು ರಕ್ಷಣೆಯೇ ಹೊರತು ಚಿಕಿತ್ಸೆಯಲ್ಲ.

6. ನಮ್ಮ ಪದ್ಧತಿಯ ವೈದ್ಯರೇ ಹೇಳಬೇಕಾದ ಮಾತೊಂದಿದೆ. ಆಯುರ್ವೇದದಲ್ಲಿ ನಾಗವೆಂದರೆ ಸೀಸವೇ. ಗೊತ್ತುಗುರಿಯಿಲ್ಲದ ಕಡೆಯಿಂದ ಭಸ್ಮ, ಮಾತ್ರೆಗಳನ್ನು ಕೊಂಡು ಸೇವಿಸಬೇಡಿರಿ.

7. ಮಲಗುವ ಒಂದು ತಾಸು ಮೊದಲು ಮನೆಯ ಮೊಬೈಲುಗಳೆಲ್ಲ ಒಂದು ಮಾಡದಲ್ಲಿ ವಿಶ್ರಮಿಸಲಿ.

ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಹೊರಟು, ದವಸ ಧಾನ್ಯವನ್ನಲ್ಲ, ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಇಂದು ರಾಜ್ಯವು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಆ ಜೋಳಿಗೆಯ ನೆನಪಿನಲ್ಲಿ ನಮ್ಮದೊಂದು ಬಿನ್ನಹ. ಪ್ರತಿ ಊರಿನ ಶಾಲೆಯಲ್ಲೋ ಮಠದ ಅಂಗಳದಲ್ಲೋ ಬೀಗವಿರುವ ಒಂದು ಪೆಟ್ಟಿಗೆ ಇರಲಿ. ಸತ್ತ ಮೊಬೈಲು, ಚಾರ್ಜರು, ತಂತಿಗಳನ್ನು ಜನ ಅದರಲ್ಲಿ ಹಾಕಲಿ. ಬ್ಯಾಟರಿ ಉಬ್ಬಿದ ಮೊಬೈಲು ಮಾತ್ರ ಅದರಲ್ಲಿ ಬೇಡ. ಅದನ್ನು ದುರಸ್ತಿ ಅಂಗಡಿಗೆ ಒಪ್ಪಿಸಿರಿ. ಪೆಟ್ಟಿಗೆ ತುಂಬಿದಾಗ ಊರಿನ ಹಿರಿಯರು ಸರಕಾರದ ಮಾನ್ಯತೆ ಪಡೆದ ಮರುಬಳಕೆದಾರರಿಗೆ ಅದನ್ನು ಮುಟ್ಟಿಸಲಿ. ಇದಕ್ಕೆ ಬೇಕಾದುದು ಹಣವಲ್ಲ, ಮನಸ್ಸು.

ನಮ್ಮ ಚಿಕಿತ್ಸಾಲಯದ ಬಾಗಿಲಲ್ಲಿ ಅಂಥದೊಂದು ಪೆಟ್ಟಿಗೆಯನ್ನು ನಾವು ಇಟ್ಟಿದ್ದೇವೆ. ಆ ಬಾಲಕ ಕಳೆದ ತಿಂಗಳು ಕೆಮ್ಮಿನ ಔಷಧಿಗೆ ಬಂದವನು, “ಇದರಾಗ ಏನ್ ಹಾಕ್ತಾರ್ರೀ ಅಜ್ಜಾರ?” ಎಂದು ಕೇಳಿದ. “ನಿಮ್ಮಪ್ಪ ಇನ್ನು ಒಡೀಬಾರದ ಸಾಮಾನ ಹಾಕ್ತಾರಪ್ಪಾ” ಎಂದೆವು. ಅವನು ಪೆಟ್ಟಿಗೆಯೊಳಗೆ ಇಣುಕಿ ನೋಡಿ ನಕ್ಕ. ಅವನ ತಂದೆ ಈಗ ಗ್ರಾನೈಟ್ ಸಾಗಿಸುವ ಗಾಡಿಗೆ ಹೋಗುತ್ತಾನೆ. ಕೂಲಿ ಮೊದಲಿಗಿಂತ ಕಡಿಮೆ. ಮಗನಿಗಾಗಿ ಆ ನಷ್ಟವನ್ನು ಅವನು ಒಪ್ಪಿಕೊಂಡಿದ್ದಾನೆ. ಬ್ಯಾಟರಿ ಕೊಂಡು ಬಳಸಿದ ನಾವು ಒಪ್ಪಿಕೊಳ್ಳಬೇಕಾದ ನಷ್ಟ ಅದಕ್ಕಿಂತ ಬಹಳ ಚಿಕ್ಕದು.