ಕುದುರೆಗೆ ಮನೆಯಲ್ಲೇ ಜಂಪ್ ಮಾಡಿಸ್ತೀರಾ? ಮೊದಲು ಅಡ್ಡಕಂಬ ಬೀಳುತ್ತಾ ನೋಡಿ

ತೋಟದಲ್ಲಿ ಕುದುರೆ ಇದೆ, ಮಕ್ಕಳು ಸವಾರಿ ಕಲೀತಿದ್ದಾರೆ. ಇನ್ನು ಜಂಪ್ ಮಾಡಿಸೋಣ ಅನ್ನೋ ಆಸೆ ಬರೋದು ಸಹಜ. ರೆಡಿಮೇಡ್ ಜಂಪ್ ಸೆಟ್ ದುಬಾರಿ. ಹಾಗಂತ ಎರಡು ಗೂಟ ನೆಟ್ಟು, ಅಡ್ಡಲಾಗಿ ಒಂದು ಗಳ ಕಟ್ಟಿಬಿಟ್ಟರೆ ಅನಾಹುತ ಕಟ್ಟಿಟ್ಟ ಬುತ್ತಿ.

ಯಾಕೆ ಬೀಳಬೇಕು?

ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಇವೆಂಟಿಂಗ್ ವಿಭಾಗದಲ್ಲಿ ಎರಡು ಬೆಳ್ಳಿ ಗೆದ್ದಿದ್ದು ನೆನಪಿರಬಹುದು. ಆ ಸ್ಪರ್ಧೆಯ ಜಂಪಿಂಗ್ ಸುತ್ತಿನಲ್ಲಿ ಒಂದು ಕಂಬ ಬೀಳಿಸಿದರೆ 4 ಪೆನಾಲ್ಟಿ. ಅಂದರೆ ಅಷ್ಟು ದೊಡ್ಡ ಕೂಟದಲ್ಲೂ ಕಾಲು ತಾಗಿದರೆ ಬೀಳುವ ಹಾಗೇ ಕಂಬ ಇಟ್ಟಿರ್ತಾರೆ. ತಂತಿ ಬಿಗಿದ, ಮೊಳೆ ಹೊಡೆದ ಕಂಬ ಬೀಳೋದಿಲ್ಲ. ಕುದುರೆಯೇ ಸವಾರನ ಸಮೇತ ಮುಗ್ಗರಿಸುತ್ತೆ. ಕಾಲು ಮುರಿದ ಕುದುರೆ ಉಳಿಯೋದು ಬಹಳ ಕಷ್ಟ.

ಯಾವ ಸಾಮಾನು ತರಬೇಕು?

* ಅಡ್ಡಕಂಬ: ಸೆಂಟ್ರಿಂಗ್‌ಗೆ ಬಳಸುವ ನೀಲಗಿರಿ ಅಥವಾ ಸರ್ವೆ ಕಂಬ ಸಾಕು. ಉದ್ದ 10ರಿಂದ 12 ಅಡಿ, ದಪ್ಪ ಸುಮಾರು 4 ಇಂಚು. ಸಿಪ್ಪೆ, ಗಂಟು ತೆಗೆದು ನುಣುಪು ಮಾಡಿಸಿ.
* ಬಿದಿರು, ಪಿವಿಸಿ ಪೈಪ್ ಬೇಡ. ಮುರಿದರೆ ಚೂಪಾದ ಸೀಳು ಎದ್ದು ಚುಚ್ಚುತ್ತೆ.
* ಸ್ಟ್ಯಾಂಡ್: 4 ಇಂಚಿನ ಚೌಕದ ಮರ, 4 ಅಡಿ ಎತ್ತರ, ಅಲ್ಲಾಡದಂತೆ ಅಗಲವಾದ ಪಾದ. ನೆಲಕ್ಕೆ ಹೂಳಬೇಡಿ. 3 ಇಂಚಿಗೊಂದು ತೂತು ಕೊರೆಸಿದರೆ ಎತ್ತರ ಬದಲಾಯಿಸಬಹುದು.
* ಕಂಬ ಕೂರುವ ಕಪ್: ವೆಲ್ಡಿಂಗ್ ಶಾಪ್‌ನಲ್ಲಿ ಮಾಡಿಸಿ. ಆಳ ಕಡಿಮೆ ಇರಲಿ, ಅಂಚು ಉಜ್ಜಿಸಿ. ಬಳಸದ ಕಪ್ ಸ್ಟ್ಯಾಂಡ್‌ನಲ್ಲಿ ಬಿಡಬೇಡಿ, ಬಿದ್ದವರಿಗೆ ಅದೇ ಚುಚ್ಚುತ್ತೆ.
* ಪ್ಲಾಸ್ಟಿಕ್ ಡ್ರಮ್: ಮಲಗಿಸಿಟ್ಟರೆ ಉರುಳದಂತೆ ಎರಡೂ ಕಡೆ ಆಪು ಕೊಡಿ. 200 ಲೀಟರ್ ಡ್ರಮ್ ಮಲಗಿಸಿದರೂ ಸುಮಾರು 2 ಅಡಿ ಎತ್ತರ ಬರುತ್ತೆ, ಹೊಸಬರಿಗೆ ಅದು ಜಾಸ್ತಿ.

ಇಡೋದು ಹೇಗೆ?

ಅಡ್ಡಕಂಬ ಸ್ಟ್ಯಾಂಡ್‌ನ ಆಚೆ ಬದಿಗಿರಲಿ, ಅಂದರೆ ಕುದುರೆ ಹಾರಿ ಇಳಿಯುವ ಕಡೆಗೆ. ಈಚೆ ಬದಿಗಿಟ್ಟರೆ ಕಾಲು ತಾಗಿದಾಗ ಕಂಬ ಸ್ಟ್ಯಾಂಡಿಗೆ ಒತ್ತಿಕೊಂಡು ನಿಂತುಬಿಡುತ್ತೆ. ಹಾಗಾಗಿ ಇಂಥ ಜಂಪ್ ಅನ್ನು ಒಂದೇ ಕಡೆಯಿಂದ ಹಾರಿಸಬೇಕು.

ಕುದುರೆ ಬರುವ ಕಡೆ ನೆಲದ ಮೇಲೆ ಇನ್ನೊಂದು ಕಂಬ ಇಡಿ, ಜಂಪ್‌ಗಿಂತ ಅರ್ಧ ಅಡಿ ಮುಂದೆ. ಎಲ್ಲಿಂದ ಕಾಲೆತ್ತಬೇಕು ಅಂತ ಕುದುರೆ ಅಂದಾಜು ಮಾಡೋದು ಅದನ್ನ ನೋಡಿಯೇ. ಇಳಿಯುವ ಕಡೆ ಮಾತ್ರ ಇಡಬೇಡಿ, ಲೆಕ್ಕ ತಪ್ಪುತ್ತೆ.

ಬಣ್ಣದಲ್ಲೂ ವಿಷಯ ಇದೆ. ಕುದುರೆಗೆ ಕೆಂಪು, ಹಸಿರಿನ ವ್ಯತ್ಯಾಸ ಸರಿಯಾಗಿ ಗೊತ್ತಾಗಲ್ಲ. ಹುಲ್ಲಿನ ಮೇಲೆ ಕೆಂಪು ಕಂಬ ನಮಗೆ ಎದ್ದು ಕಾಣುತ್ತೆ, ಅದಕ್ಕೆ ಹಾಗಲ್ಲ. ಬಿಳಿ ಜೊತೆಗೆ ನೀಲಿ ಪಟ್ಟೆ ಬಳಿಸಿ.

ಶುರು ಮಾಡೋದು ನೆಲದಿಂದ

ಮೊದಲು ಕಂಬಗಳನ್ನು ನೆಲದ ಮೇಲೇ ಇಟ್ಟು ದುಡುಕಿ ಓಟದಲ್ಲಿ ದಾಟಿಸಿ. ದೊಡ್ಡ ಕುದುರೆಗೆ ಕಂಬದಿಂದ ಕಂಬಕ್ಕೆ 4ರಿಂದ 4.5 ಅಡಿ, ಕುಳ್ಳ ಕುದುರೆಗೆ ಕಡಿಮೆ. ಅದು ಸಲೀಸಾದ ಮೇಲೆ ಎರಡು ಕಂಬ ಕತ್ತರಿಯಂತೆ ಇಟ್ಟು, ನಡುವೆ 1 ಅಡಿ ಎತ್ತರ ಸಾಕು. ಹೆಲ್ಮೆಟ್ ಇಲ್ಲದೆ ಹತ್ತಬೇಡಿ. ಒಬ್ಬರೇ ಇದ್ದಾಗಂತೂ ಜಂಪ್ ಬೇಡವೇ ಬೇಡ, ತಿಳಿದವರೊಬ್ಬರು ಪಕ್ಕದಲ್ಲಿರಲಿ.

ಹಾರಿಸೋ ಮುಂಚೆ ಪ್ರತಿ ಸಲ ಒಂದು ಪರೀಕ್ಷೆ ಮಾಡಿ: ಕುದುರೆ ಬರುವ ಕಡೆ ನಿಂತು ಅಡ್ಡಕಂಬವನ್ನು ಒಂದೇ ಕೈಯಲ್ಲಿ ತಳ್ಳಿ. ಸಲೀಸಾಗಿ ಬಿದ್ದರೆ ಸರಿ. ಬೀಳಲಿಲ್ಲವೇ? ಆವತ್ತು ಜಂಪ್ ಬಿಟ್ಟು ಸ್ಟ್ಯಾಂಡ್ ರಿಪೇರಿ ಮಾಡಿ.