ಐವರ ಪ್ರಯಾಣದ ಲೆಕ್ಕ

ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಗ್ರಿಫಿತ್ ಪಾರ್ಕ್ ಎಂಬ ವಿಶಾಲವಾದ ಉದ್ಯಾನವೊಂದಿದೆ. ಮಕ್ಕಳು ಏರಿ ಕುಳಿತು ಸುತ್ತುವ ಮರದ ಕುದುರೆಗಳ ಆಟ ಅಲ್ಲಿ ಬಹು ಪ್ರಸಿದ್ಧವಾಗಿತ್ತು. ವಾಲ್ಟ್ ಡಿಸ್ನಿ ರಜೆಯ ದಿನಗಳಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಅವರು ಕುದುರೆ ಏರಿದರೆ ತಾನು ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತ ಕಾಯುತ್ತಿದ್ದನಂತೆ. ಮಕ್ಕಳಿಗೆ ಆಟ, ಹೆತ್ತವರಿಗೆ ಕಾಯುವ ಕೆಲಸ. ಇಬ್ಬರೂ ಕೂಡಿ ನಲಿಯಬಹುದಾದ ಸ್ಥಳವೊಂದು ಏಕಿರಬಾರದು ಎಂಬ ಯೋಚನೆ ತನಗೆ ಆ ಬೆಂಚಿನ ಮೇಲೆ ಹೊಳೆಯಿತೆಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ. 1955ರ ಜುಲೈ 17ರಂದು ಅನಹೈಮ್ ಎಂಬ ಊರಿನ ಕಿತ್ತಳೆ ತೋಟಗಳ ನೆಲದಲ್ಲಿ ಬಾಗಿಲು ತೆರೆದ ಡಿಸ್ನಿಲ್ಯಾಂಡ್ ಆ ಯೋಚನೆಯ ಫಲ.

ಹೆತ್ತವರು, ಮಕ್ಕಳು: ಡಿಸ್ನಿಯ ಲೆಕ್ಕದಲ್ಲಿದ್ದುದು ಎರಡು ತಲೆಮಾರು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮೂರಿರುತ್ತವೆ. ಪರದೇಶದ ಇಂಥ ಉದ್ಯಾನವೊಂದಕ್ಕೆ ಮಿತವಾದ ಖರ್ಚಿನಲ್ಲಿ ಸಂಸಾರ ಸಮೇತ ಹೋಗಿ ಬರುವುದು ಹೇಗೆಂದು ನನಗೆ ದೊರೆತಿರುವ ಈ ಹದಿನೈದು ನಿಮಿಷಗಳಲ್ಲಿ ಹೇಳಬೇಕಾಗಿದೆ. ನಾನು ಕೈಯಾರೆ ಲೆಕ್ಕ ಬರೆದು ಮಾಡಿದ ಪ್ರಯಾಣ ಒಂದೇ ಒಂದು, ಅದೂ 2024ರ ಏಪ್ರಿಲಿನಲ್ಲಿ, ಹಾಂಗ್‌ಕಾಂಗಿಗೆ. ಆದ್ದರಿಂದ ನನ್ನ ಮಾತು ಆ ಊರಿನ ಮಟ್ಟಿಗೆ ಎಂದು ತಿಳಿಯಬೇಕು.

ಹಾಂಗ್‌ಕಾಂಗನ್ನೇ ಏಕೆ ಆರಿಸಿಕೊಂಡಿರೆಂದು ಕೆಲವರು ಕೇಳಿದ್ದುಂಟು. ಡಿಸ್ನಿಯ ಹೆಸರಿನ ಉದ್ಯಾನಗಳು ಇಂದು ಜಗತ್ತಿನ ಆರು ಕಡೆಗಳಲ್ಲಿವೆ. ಅಮೆರಿಕದ ಎರಡಕ್ಕೂ ಪ್ಯಾರಿಸ್ಸಿನದಕ್ಕೂ ಹೋಗಬೇಕಾದರೆ ವೀಸಾದ ಶುಲ್ಕವನ್ನು ತಲೆಗಿಷ್ಟರಂತೆ ಮೊದಲೇ ಕಟ್ಟಬೇಕು. ವೀಸಾ ಸಿಗದಿದ್ದರೆ ಆ ಹಣ ಮರಳಿ ಬರುವುದಿಲ್ಲ. ಐವರ ಸಂಸಾರಕ್ಕೆ ಇದು ಸಣ್ಣ ಮೊತ್ತವೇನೂ ಅಲ್ಲ. ಹಾಂಗ್‌ಕಾಂಗಿಗೆ ಹದಿನಾಲ್ಕು ದಿನಗಳ ಒಳಗಿನ ಭೇಟಿಗಾದರೆ ಭಾರತೀಯರಿಗೆ ವೀಸಾ ಬೇಕಿಲ್ಲ. 2017ರಿಂದ ಮುಂಗಡ ನೋಂದಣಿಯೊಂದನ್ನು ಕಡ್ಡಾಯ ಮಾಡಿದ್ದಾರೆ. ಅದನ್ನು ಮನೆಯಲ್ಲಿ ಕುಳಿತೇ ಇಂಟರ್‌ನೆಟ್ಟಿನಲ್ಲಿ ಮಾಡಬಹುದು, ಶುಲ್ಕವಿಲ್ಲ. ಮಕ್ಕಳೂ ಸೇರಿದಂತೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಮಾಡಿ, ಬಂದ ಚೀಟಿಯನ್ನು ಮುದ್ರಿಸಿ ಪಾಸ್‌ಪೋರ್ಟಿನೊಡನೆ ಇಟ್ಟುಕೊಳ್ಳಬೇಕು. ವಿಮಾನದ ಟಿಕೆಟನ್ನು ಕೊಳ್ಳುವುದು ಇದಾದ ಮೇಲೆ. ಮೊದಲು ಟಿಕೆಟು ಕೊಂಡು ಆಮೇಲೆ ನೋಂದಣಿಗೆ ಕುಳಿತವರ ಪೇಚಾಟವನ್ನು ನಾನು ಬಲ್ಲೆ.

ಅಲ್ಲಿಯ ಉದ್ಯಾನ ಪ್ರಾರಂಭವಾದುದು 2005ರ ಸೆಪ್ಟೆಂಬರ್ 12ರಂದು. ಅಂದು ಒಳ್ಳೆಯ ದಿನವೆಂದು ಚೀನೀ ಪಂಚಾಂಗ ನೋಡಿಯೇ ಗೊತ್ತುಮಾಡಿದರಂತೆ. ವಾಸ್ತುವಿಗೆ ಸಮನಾದ ಅವರ ಫೆಂಗ್ ಶುಯಿ ಶಾಸ್ತ್ರಕ್ಕೆ ತಲೆಬಾಗಿ ಹೆಬ್ಬಾಗಿಲಿನ ಮುಖವನ್ನು ಹನ್ನೆರಡು ಡಿಗ್ರಿಗಳಷ್ಟು ತಿರುಗಿಸಿದರೆಂದೂ ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಹೊಸ್ತಿಲಿನ ದಿಕ್ಕಿಗಾಗಿ ಅಡುಗೆಮನೆಯನ್ನೇ ಸ್ಥಳಾಂತರಿಸುವ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ.

ಇನ್ನು ಹಣದ ಮಾತು. ಮರಳಿ ಬಂದ ಮೇಲೆ ಖರ್ಚನ್ನೆಲ್ಲ ಕೂಡಿಸಿ ನೂರು ರೂಪಾಯಿಯ ಲೆಕ್ಕಕ್ಕೆ ಇಳಿಸಿ ನೋಡಿದೆ. ವಿಮಾನಕ್ಕೆ 58, ವಸತಿಗೆ 18, ಉದ್ಯಾನದ ಪ್ರವೇಶಕ್ಕೆ 10, ಊಟ ತಿಂಡಿಗೆ 9, ಉಳಿದುದಕ್ಕೆಲ್ಲ 5. ಈ ಅಂಕಿಗಳು ನನ್ನನ್ನೇ ಬೆರಗುಗೊಳಿಸಿದುವು. ಎರಡು ತಿಂಗಳ ಕಾಲ ರಾತ್ರಿ ನಿದ್ದೆಗೆಟ್ಟು ನಾನು ಹುಡುಕಿದ್ದು ಪ್ರವೇಶದ ಟಿಕೆಟಿನಲ್ಲಿ ಎಷ್ಟು ಸೋಡಿ ಸಿಕ್ಕೀತೆಂದು. ಆ ಹತ್ತು ರೂಪಾಯಿಯಲ್ಲಿ ಹೆಚ್ಚೆಂದರೆ ಒಂದು ಉಳಿಯುತ್ತಿತ್ತು. ಪ್ರಯಾಣವನ್ನು ಶನಿವಾರದಿಂದ ಮಂಗಳವಾರಕ್ಕೆ ಬದಲಾಯಿಸಿದ ಒಂದೇ ಕಾರಣಕ್ಕೆ ವಿಮಾನದ ಬಾಬಿನಲ್ಲಿ ಅದರ ಹಲವು ಪಾಲು ಉಳಿಯಿತು. ಹಾಗೆಂದು ಎಲ್ಲಕ್ಕಿಂತ ಅಗ್ಗದ ವಿಮಾನವನ್ನೇ ಹಿಡಿಯಬೇಕೆಂದಲ್ಲ. ನಡುರಾತ್ರಿ ಯಾವುದೋ ನಿಲ್ದಾಣದಲ್ಲಿ ಏಳೆಂಟು ಗಂಟೆ ಕೂರಿಸುವ ಟಿಕೆಟೊಂದು ನಮಗೆ ಸಿಕ್ಕಿತ್ತು. ಮರುದಿನವೆಲ್ಲ ನಿದ್ದೆಗೆ ಹೋಗುತ್ತದೆ, ಆ ದಿನದ ಕೋಣೆಯ ಬಾಡಿಗೆ ವ್ಯರ್ಥ ಎಂದು ಲೆಕ್ಕ ಹಾಕಿ ಬಿಟ್ಟೆವು.

ಮಿತವ್ಯಯಕ್ಕೆ ನೆರವಾಗುವ ಸಣ್ಣಪುಟ್ಟ ಸಂಗತಿಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಹಾಂಗ್‌ಕಾಂಗಿನ ಡಾಲರು 1983ರಿಂದ ಅಮೆರಿಕದ ಡಾಲರಿಗೆ ಸುಮಾರು 7.8ರ ದರದಲ್ಲಿ ಕಟ್ಟಿಕೊಂಡಿದೆ. ಅಮೆರಿಕದ ಡಾಲರಿನ ಎದುರು ರೂಪಾಯಿ ಇಳಿದರೆ ಇದರ ಎದುರೂ ಇಳಿಯಿತೆಂದೇ ಅರ್ಥ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟರೆ ಬ್ಯಾಂಕುಗಳು ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಮೂರೂವರೆಯಷ್ಟು ಮೇಲೆ ಹಾಕಿಕೊಳ್ಳುತ್ತವೆ. ಪ್ರವಾಸದ ಸಂಸ್ಥೆಗಳ ಪ್ಯಾಕೇಜು ಕೊಂಡರೆ ಆದಾಯ ತೆರಿಗೆಯ ಲೆಕ್ಕಕ್ಕೆ ಸ್ವಲ್ಪ ಹಣವನ್ನು ಮೂಲದಲ್ಲೇ ಹಿಡಿಯುತ್ತಾರೆ. ಅದನ್ನು ವರ್ಷದ ಕೊನೆಗೆ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದಾದರೂ ಹೊರಡುವ ದಿನ ಆ ಹಣ ಕೈಯಲ್ಲಿರುವುದಿಲ್ಲ. ವಿಮಾನ ನಿಲ್ದಾಣದಿಂದ ಊರಿಗೆ ಹೋಗುವ ವೇಗದ ರೈಲು ದುಬಾರಿ. ಎಸ್ 1 ಎಂಬ ಬಸ್ಸು ಕೆಲವೇ ಡಾಲರಿಗೆ ತುಂಗ್ ಚುಂಗ್ ಎಂಬಲ್ಲಿಗೆ ಕರೆದೊಯ್ಯುತ್ತದೆ. ಅಲ್ಲಿಂದ ಎಲ್ಲ ಕಡೆಗೂ ಮಾಮೂಲಿ ರೈಲುಂಟು. ವಸತಿಗೃಹಗಳ ಕೋಣೆಗಳಂತೂ ನಮ್ಮ ಕಡೆಯ ದೇವರಮನೆಗಿಂತ ಸ್ವಲ್ಪ ದೊಡ್ಡವು, ಅಷ್ಟೆ. ಸರಕಾರದ ಪರವಾನಗಿಯ ಗುರುತನ್ನು ಬಾಗಿಲಿನಲ್ಲಿ ನೋಡಿಯೇ ಕೋಣೆ ಹಿಡಿಯಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಕಾಲವನ್ನು ಗೊತ್ತುಮಾಡುವುದು. ಉದ್ಯಾನದ ಟಿಕೆಟಿಗೆ ಈಗ ಒಂದೇ ಬೆಲೆಯಿಲ್ಲ. ಜನಸಂದಣಿಯ ದಿನಗಳಿಗೆ ಹೆಚ್ಚು, ಉಳಿದ ದಿನಗಳಿಗೆ ಕಡಮೆ. ನಮ್ಮ ಶಾಲೆಗಳ ದಸರಾ ರಜೆ ಎಷ್ಟೋ ವರ್ಷ ಅಕ್ಟೋಬರ್ 1ರಿಂದ ತೊಡಗುವ ಚೀನಾದ ರಾಷ್ಟ್ರೀಯ ರಜೆಯೊಡನೆ ತಾಗಿಕೊಂಡು ಬರುತ್ತದೆ. ಮೇ ತಿಂಗಳ ಮೊದಲ ದಿನಗಳಲ್ಲಿ ಅವರಿಗೆ ಕಾರ್ಮಿಕರ ದಿನದ ರಜೆ. ಏಪ್ರಿಲಿನ ಆರಂಭದಲ್ಲಿ ಪಿತೃಗಳನ್ನು ನೆನೆಯುವ ಛಿಂಗ್ ಮಿಂಗ್ ಹಬ್ಬ. 2006ರಲ್ಲಿ, ಉದ್ಯಾನ ತೆರೆದ ಮೊದಲ ಚೀನೀ ಹೊಸ ವರ್ಷದಲ್ಲಿ, ಜನ ಕಿಕ್ಕಿರಿದು ಟಿಕೆಟು ಕೊಂಡು ಬಂದಿದ್ದವರಿಗೂ ಬಾಗಿಲು ಮುಚ್ಚಬೇಕಾಯಿತು. ಆಗ ಕೆಲವರು ಮಕ್ಕಳನ್ನು ಬೇಲಿಯ ಮೇಲಿನಿಂದ ಒಳಕ್ಕೆ ದಾಟಿಸಿದರು. ನಮ್ಮ ಬೇಸಿಗೆ ರಜೆ ತೊಡಗಿದ ಮೇಲೆ, ಅವರ ಮೇ ರಜೆಗೆ ಮೊದಲು, ಏಪ್ರಿಲಿನ ಮೂರನೆಯ ವಾರದಲ್ಲಿ ಸಿಗುವ ಒಂದು ಸಂದಿಯನ್ನು ನಾವು ಹಿಡಿದುಕೊಂಡೆವು. ಆಗ ಅಲ್ಲಿ ಮಬ್ಬು, ಜಿಗುಟು ಸೆಖೆ, ನಡುನಡುವೆ ಮಳೆ. ಕೊಡೆಯಿದ್ದರೆ ಆದೀತು.

ದಿನಗಳನ್ನು ಹೀಗೆ ಆರಿಸಬಹುದು. ವರ್ಷವನ್ನು ಆರಿಸುವುದು ಕಷ್ಟ. ಮಗನಿಗೆ ಆಗ ಹನ್ನೊಂದು ವರ್ಷ ಒಂಬತ್ತು ತಿಂಗಳು. ಹನ್ನೆರಡು ತುಂಬಿದರೆ ವಿಮಾನದಲ್ಲಿಯೂ ಉದ್ಯಾನದಲ್ಲಿಯೂ ಅವನು ದೊಡ್ಡವನು, ಪೂರ್ತಿ ದರ. ದರದ ಮಾತು ಹಾಗಿರಲಿ, ಹನ್ನೆರಡು ದಾಟಿದ ಹುಡುಗ ಇಲಿಯ ಬೊಂಬೆಯ ಜೊತೆ ನಿಂತು ಚಿತ್ರ ತೆಗೆಸಿಕೊಳ್ಳುವನೆಂಬ ಭರವಸೆಯಿರಲಿಲ್ಲ. ಮಗಳಿಗೆ ಆರು ವರ್ಷ, ಎತ್ತರ 109 ಸೆಂಟಿಮೀಟರ್. ಅಲ್ಲಿಯ ಬಿಗ್ ಗ್ರಿಝ್ಲಿ ಎಂಬ ಗಣಿಬಂಡಿಯ ಆಟಕ್ಕೆ 112 ಇರಲೇಬೇಕು. ಬಾಗಿಲ ಪಟ್ಟಿಯ ಮೇಲೆ ಪೆನ್ಸಿಲಿನ ಗುರುತು ಹಾಕಿ ತಿಂಗಳು ತಿಂಗಳೂ ಅಳೆದುಕೊಳ್ಳುತ್ತಿದ್ದ ಅವಳು ಇನ್ನೊಂದು ವರ್ಷ ತಡೆದು ಹೋಗೋಣವೆಂದಳು. ಮಗನ ವಯಸ್ಸು ಬೇಗ ಹೊರಡಿ ಎನ್ನುತ್ತಿತ್ತು, ಮಗಳ ಎತ್ತರ ನಿಲ್ಲಿ ಎನ್ನುತ್ತಿತ್ತು. ನನ್ನ ತಾಯಿಯವರಿಗೆ ಎಪ್ಪತ್ತೊಂದು. ಅವರ ಮೊಣಕಾಲು ಏನೆನ್ನುತ್ತಿತ್ತೆಂದು ನಾನು ಕೇಳಲೇ ಇಲ್ಲ.

ಕೇಳದಿದ್ದುದಕ್ಕೆ ಕಾರಣವುಂಟು. ಖರ್ಚು ಇಳಿಸುವ ಮಾತು ಬಂದಾಗ ನಮ್ಮ ಸಂಸಾರಗಳಲ್ಲಿ ಮೊದಲು ಕತ್ತರಿ ಬೀಳುವುದು ಹಿರಿಯರ ಹೆಸರಿಗೆ. ಯಾರೂ ಅದನ್ನು ನಿಷ್ಠುರದಿಂದ ಮಾಡುವುದಿಲ್ಲ. ಅಷ್ಟು ನಡೆಯಲು ಅವರಿಂದಾದೀತೇ, ಅಲ್ಲಿಯ ಊಟ ಅವರಿಗೆ ಸೇರೀತೇ ಎಂದು ಅಕ್ಕರೆಯ ಮಾತಿನಲ್ಲಿಯೇ ಮಾಡುತ್ತೇವೆ. ಉಪಾಧ್ಯಾಯನ ಸಂಬಳದಲ್ಲಿ ನಾಲ್ಕು ವರ್ಷ ಕೂಡಿಟ್ಟ ಹಣ ನಾಲ್ವರಿಗೆ ಸರಿಹೋಗುತ್ತಿತ್ತು. ನಾಲ್ವರ ಲೆಕ್ಕವನ್ನೇ ಬರೆದಿದ್ದೆ. ಆ ಹಾಳೆ ಒಂದು ಬೆಳಗ್ಗೆ ತಾಯಿಯವರ ಕಣ್ಣಿಗೆ ಬಿತ್ತು.

“ನಾಲ್ಕು ಜನ ಅಂತ ಬರೆದಿದ್ದೀಯಲ್ಲೋ, ಸರಿಯಾಗೇ ಇದೆ ಬಿಡು. ನಾನು ಮನೇಲಿದ್ರೆ ಹಾಲಿನವನಿಗೆ ಬೇಡ ಅನ್ನೋದೂ ತಪ್ಪುತ್ತೆ” ಎಂದರು.

ನಾನು ಹಾಳೆಯನ್ನು ಮಡಚಿಟ್ಟುಕೊಂಡು ಶಾಲೆಗೆ ಹೋದೆ. ಅಂದು ಯಾವ ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಸಂಜೆ ನನ್ನ ಹೆಂಡತಿ ಆ ಹಾಳೆಯನ್ನು ಬಿಡಿಸಿ, “ಅತ್ತೆಯವರನ್ನು ಸೇರಿಸಿ ಒಂದು ಸಲ ಬರೆದಾದರೂ ನೋಡಿ” ಎಂದಳು. ಬರೆದು ನೋಡಿದಾಗ ಒಂದು ಸಂಗತಿ ಗೋಚರಿಸಿತು. ಐದನೆಯವರ ಖರ್ಚು ಒಟ್ಟು ಖರ್ಚಿನ ಐದನೆಯ ಒಂದು ಪಾಲಲ್ಲ. ಆ ಕಿರುಕೋಣೆಗಳಲ್ಲಿ ನಾಲ್ವರಿಗೂ ಎರಡು ಕೋಣೆ ಬೇಕು, ಐವರಿಗೂ ಎರಡೇ. ಉದ್ಯಾನದಲ್ಲಿ ಹಿರಿಯರ ಟಿಕೆಟು ನಮ್ಮಂಥವರ ಟಿಕೆಟಿನ ಒಂದು ಚಿಕ್ಕ ಪಾಲು ಮಾತ್ರ. ಹೆಚ್ಚಾಗಿ ಬೀಳುವುದು ವಿಮಾನದ ಒಂದು ಟಿಕೆಟು. ಉದ್ಯಾನಕ್ಕೆ ಎರಡು ದಿನವೆಂದಿದ್ದುದನ್ನು ಒಂದಕ್ಕೆ ಇಳಿಸಿ, ವಸತಿಯಲ್ಲಿ ಒಂದು ರಾತ್ರಿ ಕಡಮೆ ಮಾಡಿ, ಉಳಿದುದಕ್ಕೆ ಮುಂದಿನ ಮೂರು ತಿಂಗಳ ಚೀಟಿಯ ಹಣ ಸೇರಿಸಿದರೆ ಅದು ಹೊಂದುತ್ತಿತ್ತು. ಹೊಂದಿತು. ಪಾಸ್‌ಪೋರ್ಟಿಗೆ ಚಿತ್ರ ತೆಗೆಸುವಾಗ ತಾಯಿಯವರು ಹಾಲಿನವನ ಮಾತನ್ನು ಇನ್ನೊಮ್ಮೆ ಎತ್ತಿದರು. ಅಷ್ಟೊಂದು ಬಲವಾಗಿ ಅಲ್ಲ.

ಸನ್ನಿ ಬೇ ಎಂಬ ನಿಲ್ದಾಣದಲ್ಲಿ ಇಳಿದರೆ ಡಿಸ್ನಿಲ್ಯಾಂಡಿಗೆಂದೇ ಹಾಕಿರುವ ಇನ್ನೊಂದು ರೈಲುಂಟು. ಚಾಲಕನಿಲ್ಲದೆ ಓಡುವ ಆ ರೈಲಿನ ಕಿಟಕಿಗಳಿಗೂ ಹಿಡಿಕೆಗಳಿಗೂ ಮಿಕಿ ಇಲಿಯ ಮುಖದ ಆಕಾರ. ಹೆಬ್ಬಾಗಿಲಿನ ಹೊರಗೆ ಕುಳಿತು ಚಪಾತಿ, ಚಟ್ನಿಪುಡಿ ಮುಗಿಸಿ ಒಳಹೊಕ್ಕೆವು. ಹೊರಗಿನ ಆಹಾರವನ್ನು ಒಳಗೆ ಬಿಡುವ ವಿಷಯದಲ್ಲಿ ಈ ಉದ್ಯಾನಗಳ ನಿಯಮಗಳು ಬಿಗಿ. ಶಾಂಘೈಯ ಉದ್ಯಾನದಲ್ಲಿ ಈ ಬಗ್ಗೆ ಕಾನೂನಿನ ವಿದ್ಯಾರ್ಥಿನಿಯೊಬ್ಬಳು ನ್ಯಾಯಾಲಯಕ್ಕೇ ಹೋಗಿ, 2019ರಲ್ಲಿ ಅಲ್ಲಿಯ ನಿಯಮ ಸಡಿಲವಾಯಿತು. ಕುಡಿಯುವ ನೀರು ಮಾತ್ರ ಒಳಗೆ ಧಾರಾಳವಾಗಿ, ಪುಕ್ಕಟೆಯಾಗಿ ಸಿಗುತ್ತದೆ.

ಅನಹೈಮಿನಲ್ಲಿ ಮೊದಲು ಪ್ರವೇಶಕ್ಕೆ ಒಂದು ಡಾಲರು ಕೊಟ್ಟು, ಆಟ ಆಟಕ್ಕೂ ಬೇರೆ ಚೀಟಿ ಹರಿದು ಕೊಡಬೇಕಾಗಿತ್ತು. ಆ ಚೀಟಿಗಳ ಪದ್ಧತಿ 1982ರಲ್ಲಿ ನಿಂತುಹೋಯಿತು. ಈಗ ಎಲ್ಲ ಕಡೆಯೂ ಬಾಗಿಲಿನಲ್ಲಿ ಒಮ್ಮೆಗೇ ಕೊಟ್ಟು ಒಳಗೆ ಹೋಗುವುದು. ಆಟಕ್ಕೆ ಹಣ ತೆರುವ ಬದಲು ಹೊತ್ತು ತೆರುತ್ತೇವೆ. ಸರದಿಯ ಸಾಲು ಹಾವಿನಂತೆ ಸುತ್ತಿ ಸುತ್ತಿ ಬರುತ್ತದೆ. ಅದನ್ನು ತಪ್ಪಿಸಲು ಬೇರೆಯೇ ಟಿಕೆಟನ್ನೂ ಮಾರುತ್ತಾರೆ. ದಣಿದವನು ಅದನ್ನು ಕೊಳ್ಳುತ್ತಾನೆ, ಹಸಿದವನು ಸಿಕ್ಕಿದ್ದನ್ನು ತಿನ್ನುತ್ತಾನೆ, ಅಳುವ ಮಗುವಿಗೆ ಬೊಂಬೆ ಕೊಡಿಸುತ್ತಾನೆ. ಮಕ್ಕಳ ಕೈಗೆ ಇಷ್ಟೇ ಎಂದು ಹಿಂದಿನ ರಾತ್ರಿಯೇ ನೋಟು ಕೊಟ್ಟಿದ್ದೆವು. ಮಗ ಅದನ್ನು ಮಧ್ಯಾಹ್ನದೊಳಗೆ ಮುಗಿಸಿದ. ಮಗಳು ಮನೆಗೆ ಹಾಗೆಯೇ ತಂದಳು. ದಣಿವಿನ ಖರ್ಚನ್ನು ತಪ್ಪಿಸಿದವರು ನನ್ನ ತಾಯಿ. ಗಂಟೆಗೊಮ್ಮೆ ಅವರು ಕುಳಿತುಕೊಳ್ಳಲೇಬೇಕಾಗಿತ್ತು, ಅವರೊಡನೆ ನಾವೂ ಕುಳಿತೆವು. ಉದ್ಯಾನವನ್ನು ಬಳಸಿ ಹೋಗುವ ಚಿಕ್ಕ ರೈಲಿನಲ್ಲಿ ಎರಡು ಸುತ್ತು ಹಾಕಿದೆವು. ಸುತ್ತಮುತ್ತ ಓಡಾಡುತ್ತಿದ್ದ ಸಂಸಾರಗಳಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಕಾಣುವ ಜಗಳ ನಮ್ಮಲ್ಲಿ ನಾಲ್ಕೂವರೆಯ ತನಕ ಕಾಣಿಸಿಕೊಳ್ಳಲಿಲ್ಲ.

ಗಣಿಬಂಡಿಯ ಆಟದ ಬಾಗಿಲಿನಲ್ಲಿ ಅಳತೆಯ ಕಂಬವಿತ್ತು. ಮಗಳು ಹಿಮ್ಮಡಿ ಎತ್ತದೆ, ನ್ಯಾಯವಾಗಿ ನಿಂತಳು. ಮೂರು ಸೆಂಟಿಮೀಟರ್ ಕಡಮೆ. ಅಲ್ಲಿಯ ಹುಡುಗಿ ನಗುತ್ತ ತಲೆಯಾಡಿಸಿದಳು. ಇಂಥಲ್ಲಿ ತಂದೆ ಹೋಗಿ ಬರುವವರೆಗೆ ತಾಯಿ ಹೊರಗೆ ಕಾದು, ಆಮೇಲೆ ಸರದಿಯಿಲ್ಲದೆ ತಾನು ಹೋಗುವ ಏರ್ಪಾಡು ಇದೆ. ಅಜ್ಜಿ ಇದ್ದುದರಿಂದ ನಮಗದು ಬೇಕಾಗಲಿಲ್ಲ. ನಾವು ಮೂವರು ಬಂಡಿಯೇರಿ ಕಿರುಚಿ ಇಳಿದು ಬಂದಾಗ ಅವರಿಬ್ಬರೂ ಎದುರಿನ ಬೆಂಚಿನ ಮೇಲೆ ಕುಳಿತು, ಸೆರಗಿನಲ್ಲಿ ಕಟ್ಟಿ ತಂದಿದ್ದ ಹುರಿಗಡಲೆಯನ್ನು ಒಂದೊಂದಾಗಿ ಮೆಲ್ಲುತ್ತಿದ್ದರು. ನಿಯಮ ಬಿಗಿಯೆಂದು ನಾನು ಅಷ್ಟು ಹೇಳಿದ್ದೆ. ಆದರೂ ಸುಮ್ಮನಾದೆ.

ಸಂಜೆ ಸಣ್ಣ ದೋಣಿಗಳ ಆಟವೊಂದಕ್ಕೆ ಹೋದೆವು. 1964ರ ನ್ಯೂಯಾರ್ಕ್ ಜಾಗತಿಕ ಮೇಳಕ್ಕೆಂದು ಮೊದಲು ಕಟ್ಟಿ, ಆಮೇಲೆ ಹಲವು ಕಡೆಗಳಿಗೆ ಹಬ್ಬಿದ ಆಟವದು. ಎತ್ತರದ ಕಟ್ಟಲೆಯಿಲ್ಲ. ಕತ್ತಲ ಕಾಲುವೆಯಲ್ಲಿ ದೋಣಿ ತೇಲುತ್ತಿರುವಂತೆ ಎರಡು ದಡಗಳಲ್ಲಿಯೂ ದೇಶ ದೇಶದ ಉಡುಪು ತೊಟ್ಟ ಮಕ್ಕಳ ಬೊಂಬೆಗಳು ಸಾಲು ಸಾಲಾಗಿ ಹಾಡುತ್ತ ಕುಣಿಯುತ್ತವೆ. ಮೊಮ್ಮಗಳನ್ನು ಒತ್ತಿನಲ್ಲಿ ಕೂರಿಸಿಕೊಂಡು ತಾಯಿಯವರು ಮೊದಲ ತಿರುವಿನಿಂದಲೇ ಮಾತು ನಿಲ್ಲಿಸಿದ್ದರು. ಹೊರಗೆ ಬಂದ ಮೇಲೆ, “ನಮ್ಮಮ್ಮ ದಸರಾಕ್ಕೆ ಒಂಬತ್ತು ಮೆಟ್ಟಿಲು ಕೂರಿಸ್ತಿದ್ರು ಕಣೋ. ಪಟ್ಟದ ಬೊಂಬೆ ಮುಟ್ಟಿದ್ರೆ ಬೈಯೋರು. ಇಲ್ಲಿ ನೋಡು, ಬೊಂಬೆಗಳ ಮಧ್ಯೆನೇ ನಮ್ಮನ್ನ ಕರ್ಕೊಂಡು ಹೋದ್ರು” ಎಂದರು.

ಕತ್ತಲಾಗುತ್ತ ಬಂದು ಜನರೆಲ್ಲ ಕೋಟೆಯ ಮುಂದಿನ ಬೆಳಕಿನ ಆಟ ನೋಡಲು ಹೊರಟಿದ್ದರಿಂದ ದೋಣಿಯ ಸಾಲಿನಲ್ಲಿ ಯಾರೂ ಇರಲಿಲ್ಲ. ಎರಡನೆಯ ಸಲ ಹೋಗಿ ಬಂದೆವು. ಮಗ ದಣಿದು ಬೆಂಚಿನ ಮೇಲೆ ಒರಗಿದ್ದ. ನಾನು ಬಾಟಲಿಗಳಿಗೆ ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ ಅಜ್ಜಿ ಮೊಮ್ಮಗಳು ಮೂರನೆಯ ಸಲಕ್ಕೆ ಸಾಲಿನ ಕಡೆಗೆ ನಡೆದಿದ್ದರು.