ಗುಂಡ ತೋಡಿದ ನಾಲ್ಕು ಗುಂಡಿಗಳು

ಮೇ ತಿಂಗಳ ಕೊನೆಯ ಶನಿವಾರ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿಂದಿನ ಬಾಗಿಲು ತೆಗೆದ ಅತ್ತೆ "ಅಯ್ಯೋ, ನನ್ನ ಹೀರೇಬಳ್ಳಿ!" ಎಂದು ಕೂಗಿದ್ದು ಮಹಡಿಯಲ್ಲಿ ಮಲಗಿದ್ದ ನಮಗೂ ಕೇಳಿಸಿತು. ಓಡಿ ಬಂದು ನೋಡಿದರೆ, ಒಂದೂವರೆ ತಿಂಗಳಿಂದ ಅವರು ನೀರು ಹಾಕಿ ಬೆಳೆಸಿದ್ದ ಪಾತಿಯ ನಡುವೆ ಮೊಣಕಾಲು ಮಟ್ಟದ ಗುಂಡಿ. ಪಕ್ಕದಲ್ಲಿ ಮೂತಿಗೆಲ್ಲ ಮಣ್ಣು ಮೆತ್ತಿಕೊಂಡು, ಏನೋ ಘನಕಾರ್ಯ ಮಾಡಿದವನಂತೆ ಬಾಲ ಅಲ್ಲಾಡಿಸುತ್ತ ನಿಂತ ನಮ್ಮ ಗುಂಡ.

ನಾವಿರುವುದು ಟೆಕ್ಸಸ್‌ನಲ್ಲಿ, ಡಾಲಸ್‌ನ ಹೊರವಲಯದಲ್ಲಿ. ಫೆಬ್ರವರಿಯಲ್ಲಿ ಮಗಳ ಒಂಬತ್ತನೇ ಹುಟ್ಟುಹಬ್ಬಕ್ಕೆ ಶೆಲ್ಟರ್‌ನಿಂದ ನಾಯಿ ತಂದೆವು. ಪಂಜರದ ಮೇಲಿನ ಚೀಟಿಯಲ್ಲಿ "ಟೆರಿಯರ್ ಮಿಕ್ಸ್" ಎಂದಿತ್ತು. ನಾವು ಅದನ್ನು ಓದಿ "ಓಹೋ" ಎಂದು ಮುಂದೆ ಹೋದೆವು. ಆ ಒಂದು ಪದದ ಅರ್ಥ ಅಂದೇ ಗೊತ್ತಿದ್ದರೆ ಅರ್ಧ ಫಜೀತಿ ತಪ್ಪುತ್ತಿತ್ತು. ಲ್ಯಾಟಿನ್‌ನಲ್ಲಿ 'ಟೆರ್ರಾ' ಎಂದರೆ ಮಣ್ಣು, ಭೂಮಿ. ಬಿಲದೊಳಗೆ ನುಗ್ಗಿ ನರಿಯನ್ನೋ ಇಲಿಯನ್ನೋ ಹೊರಗೆ ಎಳೆಯಲೆಂದೇ ತಲೆತಲಾಂತರದಿಂದ ಸಾಕಿದ ತಳಿ ಇದು. ಡಾಕ್ಸ್‌ಹುಂಡ್ ಕೂಡ ಹಾಗೆಯೇ. ಜರ್ಮನ್ ಭಾಷೆಯಲ್ಲಿ 'ಡಾಕ್ಸ್' ಎಂದರೆ ನೆಲ ಬಗೆದು ಬಿಲ ಮಾಡಿಕೊಳ್ಳುವ ಬ್ಯಾಡ್ಜರ್, 'ಹುಂಡ್' ಎಂದರೆ ನಾಯಿ. ಇಂಥ ನಾಯಿಗೆ "ನೆಲ ಕೆರೆಯಬೇಡ" ಎನ್ನುವುದು ಬೆಕ್ಕಿಗೆ "ಇಲಿ ನೋಡಬೇಡ" ಎಂದ ಹಾಗೆ.

ಅಷ್ಟು ಹೊತ್ತಿಗೆ ಹಿತ್ತಲಲ್ಲಿ ಆಗಲೇ ನಾಲ್ಕು ಕಡೆ ಗುಂಡಿ ಬಿದ್ದಿದ್ದವು. ಆದರೆ ನಮ್ಮನ್ನು ನಿಜವಾಗಿ ಹೆದರಿಸಿದ್ದು ಮರುವಾರ. ಮರದ ಫೆನ್ಸ್‌ನ ಕೆಳಗೆ ತೋಡಿ ನುಸುಳಿದ ಗುಂಡ, ಮನೆಯ ಹಿಂದಿನ ದೊಡ್ಡ ರಸ್ತೆಯವರೆಗೆ ಹೋಗಿಬಿಟ್ಟ. ಯಾರೋ ಪುಣ್ಯಾತ್ಮರು ಕಾರು ನಿಲ್ಲಿಸಿ, ಕೊರಳಪಟ್ಟಿಯಲ್ಲಿದ್ದ ನಂಬರ್ ನೋಡಿ ಫೋನ್ ಮಾಡಿದರು. ಆ ರಾತ್ರಿ ಊಟದ ಹೊತ್ತಿಗೆ ನನ್ನ ಗಂಡ, "ನಮ್ಮ ಕೈಲಿ ಆಗಲ್ಲ ಅನ್ಸುತ್ತೆ. ವಾಪಸ್ ಶೆಲ್ಟರ್‌ಗೆ ಬಿಟ್ಟರೆ, ಗೊತ್ತಿರೋರು ಯಾರಾದ್ರೂ ಸಾಕ್ತಾರೆ" ಎಂದರು. ಮಗಳು ತಟ್ಟೆ ಬಿಟ್ಟು ಎದ್ದು ಹೋದಳು. ಕೊನೆಗೆ ಒಂದು ತಿಂಗಳು ನೋಡೋಣ ಎಂದು ಒಪ್ಪಂದವಾಯಿತು.

ಮೊದಲು ಮಾಡಿದ್ದು ತಪ್ಪು ಕೆಲಸ. ಪರಿಚಯದವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. "ಮೆಣಸಿನಪುಡಿ ಉದುರಿಸಿ, ಮತ್ತೆ ಆ ಕಡೆ ತಲೆ ಹಾಕಲ್ಲ" ಎಂದು ಮೂರು ಜನ ಹೇಳಿದರು. ಬ್ಯಾಡಗಿ ಪುಡಿ ಉದುರಿಸಿದೆ. ಗುಂಡ ಮೂಸಿದ, ಕಾಲಿನಿಂದ ಮುಖ ಉಜ್ಜಿಕೊಂಡ. ಅದೇ ಕಾಲಿಗೆ ಪುಡಿ ಮೆತ್ತಿತ್ತು. ಕಣ್ಣು ಕೆಂಪಾಗಿ, ಕುಂಯ್‌ಗುಟ್ಟುತ್ತ ಹಿತ್ತಲೆಲ್ಲ ಸುತ್ತಿದ. ನೀರು ಸುರಿದು ಸುರಿದು ತೊಳೆದು ವೆಟ್ ಹತ್ತಿರ ಓಡಿದೆವು. ಕಣ್ಣಿಗೆ ಹಾನಿಯಾಗಿರಲಿಲ್ಲ, ನನಗೆ ಮಾತ್ರ ಸರಿಯಾಗಿ ಬೈಗುಳ ಸಿಕ್ಕಿತು. ಇದೇ ಸಾಲಿನಲ್ಲಿ ಇನ್ನೂ ಎರಡು ಮನೆಮದ್ದು ಓಡಾಡುತ್ತಿವೆ, ದಯವಿಟ್ಟು ಮಾಡಬೇಡಿ: ನುಸಿಗುಳಿಗೆ ಮತ್ತು ಕಾಫಿ ಗಸಿ. ನುಸಿಗುಳಿಗೆ ನಾಯಿಗೆ ವಿಷ. ಗಸಿಯಲ್ಲಿ ಉಳಿದ ಕೆಫೀನ್ ಕೂಡ ಅಷ್ಟೇ.

ಬೈದು ಮುಗಿದ ಮೇಲೆ ವೆಟ್ ಕೇಳಿದ್ದು ಎರಡೇ ಪ್ರಶ್ನೆ. ಎಲ್ಲಿ ತೋಡುತ್ತಾನೆ? ಯಾವಾಗ ತೋಡುತ್ತಾನೆ? ನನ್ನ ಹತ್ತಿರ ಉತ್ತರವಿರಲಿಲ್ಲ. ನಾನು ನೋಡುತ್ತಿದ್ದುದು ಗುಂಡಿಯನ್ನು, ನಾಯಿಯನ್ನಲ್ಲ. ಮನೆಗೆ ಬಂದು ಮಗಳ ಕೈಗೆ ಒಂದು ನೋಟ್‌ಬುಕ್ ಕೊಟ್ಟೆ. ಹಿತ್ತಲ ನಕ್ಷೆ ಬರೆದು, ಗುಂಡಿಗಳಿಗೆ ಒಂದರಿಂದ ನಾಲ್ಕು ನಂಬರ್ ಹಾಕಿ, ಯಾವ ಗುಂಡಿ, ಎಷ್ಟು ಗಂಟೆ, ಬಿಸಿಲೋ ನೆರಳೋ, ಮನೆಯಲ್ಲಿ ಯಾರಿದ್ದರು ಎಂದು ಹತ್ತು ದಿನ ಬರೆದಳು. ನಾವಿಲ್ಲದ ಹೊತ್ತಿನ ವರದಿ ಅಜ್ಜಿಯಿಂದ. ನಿಮ್ಮ ಮನೆಯಲ್ಲಿ ಇದೇ ತೊಂದರೆ ಇದ್ದರೆ ಬೇರೇನೂ ಮಾಡುವ ಮೊದಲು ಇದನ್ನು ಮಾಡಿ. ನಾಲ್ಕು ಗುಂಡಿಗೆ ನಾಲ್ಕು ಬೇರೆ ಬೇರೆ ಕಾರಣ ಎಂದು ಗೊತ್ತಾದದ್ದು ಆ ನೋಟ್‌ಬುಕ್‌ನಿಂದಲೇ.

ಒಂದನೆಯದು ಗೋಡೆಯ ಬುಡದಲ್ಲಿ, ಮಧ್ಯಾಹ್ನ ಮಾತ್ರ. ಅದರ ಗುಟ್ಟು ಹೇಳಿದ್ದು ಅತ್ತೆ. "ನಮ್ಮ ಹಾಸನದ ಮನೇಲಿ ಬೇಸಿಗೆ ಬಂದ್ರೆ ನಾಯಿ ಕಲ್ಲುಬಾನಿ ಪಕ್ಕ ಒದ್ದೆ ಮಣ್ಣು ಕೆರೆದು ಮಲಗ್ತಿತ್ತು. ಚಳಿಗಾಲದಲ್ಲಿ ಬಚ್ಚಲ ಒಲೆ ಬೂದಿಗೆ ಹೋಗ್ತಿತ್ತು. ಇಲ್ಲೇನಮ್ಮ ಒದ್ದೆ ಇದೆ?" ಬಗ್ಗಿ ನೋಡಿದರೆ, ಏಸಿಯ ನೀರು ಹೊರಬರುವ ಪುಟ್ಟ ಪೈಪು ಸರಿಯಾಗಿ ಅಲ್ಲೇ ತೊಟ್ಟಿಕ್ಕುತ್ತಿತ್ತು! ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಲ್ಲಿ ಸ್ವಲ್ಪ ಬೆವರುತ್ತದೆ, ಉಳಿದದ್ದನ್ನೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣಿಸಿಕೊಳ್ಳಬೇಕು. ಮೇಲ್ಮಣ್ಣು ಸುಡುವಾಗ ಅರ್ಧ ಅಡಿ ಕೆಳಗೆ ತಂಪು. ಗುಂಡ ತುಂಟತನ ಮಾಡುತ್ತಿರಲಿಲ್ಲ, ಹಾಸಿಗೆ ಹಾಸಿಕೊಳ್ಳುತ್ತಿದ್ದ.

ಹಾಗೆಂದು ಅಲ್ಲೇ ಬಿಡುವಂತೆಯೂ ಇರಲಿಲ್ಲ. ಡಾಲಸ್ ಸುತ್ತಮುತ್ತ ಜೇಡಿಮಣ್ಣು. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮನೆಯ ತಳಪಾಯಕ್ಕೆ ಅಂಟಿಕೊಂಡು ಗುಂಡಿಯಾಗಿ ನೀರು ನಿಂತರೆ ಮುಂದೆ ನಷ್ಟ ನಮಗೇ. ಗುಂಡಿ ಮುಚ್ಚಿ, ಪೈಪಿಗೆ ಒಂದು ತುಂಡು ಸೇರಿಸಿ ನೀರನ್ನು ಆಚೆಗೆ ಬಿಟ್ಟೆವು. ನೆರಳಲ್ಲಿ ಮಕ್ಕಳ ಪ್ಲಾಸ್ಟಿಕ್ ಟಬ್‌ನಲ್ಲಿ ನಾಲ್ಕು ಬೆರಳು ನೀರು, ನೆಲದಿಂದ ಮೇಲಿರುವ ಬಟ್ಟೆಯ ಮಂಚ. ಸುಡುಬಿಸಿಲಿನ ಹೊತ್ತಲ್ಲಿ ಗುಂಡ ಒಳಗೇ ಇರಬೇಕು ಎಂಬ ನಿಯಮ. ಒಂದನೇ ಗುಂಡಿ ಮೂರು ದಿನದಲ್ಲಿ ನಿಂತಿತು.

ಎರಡನೆಯದು ಹೀರೇಬಳ್ಳಿಯ ಪಾತಿ. ತಪ್ಪು ನೂರಕ್ಕೆ ನೂರು ನಮ್ಮದು. ಅಂಗಡಿಯಿಂದ ತಂದು ಹಾಕಿದ್ದ ಗೊಬ್ಬರದ ಚೀಲ ತಿರುಗಿಸಿ ಓದಿದರೆ ಎಲುಬಿನ ಪುಡಿ! ನಾಯಿಯ ಮೂಗಿಗೆ ಅದು "ಇಲ್ಲಿ ಮೂಳೆ ಹೂತಿದೆ" ಎಂಬ ಬೋರ್ಡು. ತಿಂದರೆ ಹೊಟ್ಟೆ ಕೆಡುತ್ತದೆ, ಹೆಚ್ಚು ತಿಂದರೆ ಒಳಗೆ ಗಟ್ಟಿಯಾಗಿ ಕರುಳಿಗೆ ಅಡ್ಡ ಕೂರಬಹುದು. ಜೊತೆಗೆ ಅತ್ತೆ ಊರಿನ ಅಭ್ಯಾಸದಂತೆ ತರಕಾರಿ ಸಿಪ್ಪೆಗಳನ್ನು ಪಾತಿಯಲ್ಲೇ ಹೂಳುತ್ತಿದ್ದರು, ಅದರಲ್ಲಿ ಈರುಳ್ಳಿ ಸಿಪ್ಪೆಯೂ ಇತ್ತು. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ. ಮೇಲಾಗಿ ಯಜಮಾನರು ದಿನಾ ಕೂತು ಕೆದಕುವ ಸಡಿಲ ಮಣ್ಣು ನಾಯಿಗೂ ಆಕರ್ಷಣೆಯೇ. ಈಗ ಗೊಬ್ಬರ ಬದಲಾಗಿದೆ, ಸಿಪ್ಪೆ ಮುಚ್ಚಳದ ಡಬ್ಬಿಗೆ ಹೋಗುತ್ತದೆ. ಪಾತಿಯ ಮೇಲೆ ಕೋಳಿಬಲೆ ತಂತಿಯನ್ನು ಚಪ್ಪಟೆಯಾಗಿ ಹಾಸಿ, ಗಿಡ ಬರುವಲ್ಲಿ ಮಾತ್ರ ಕತ್ತರಿಸಿ, ಚೂಪು ತುದಿಗಳನ್ನು ಕೆಳಕ್ಕೆ ಮಡಚಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿದ್ದೇವೆ. ಉಗುರಿಗೆ ತಂತಿ ತಗುಲಿದರೆ ಗುಂಡನಿಗೆ ಬೇಸರ, ಎದ್ದು ಹೋಗುತ್ತಾನೆ.

ತೋಟ ಮಾಡುವವರಿಗೆ ಇನ್ನೊಂದು ಮಾತು. ಗಿಡದ ಬುಡಕ್ಕೆ ಹಾಸುವ ಕೋಕೋ ಸಿಪ್ಪೆಯ ಮಲ್ಚ್‌ನಲ್ಲಿ ಚಾಕೊಲೇಟಿನ ವಿಷವೇ ಇರುತ್ತದೆ. ಬಸವನಹುಳುವಿಗೆ ಹಾಕುವ, ಮೆಟಾಲ್ಡಿಹೈಡ್ ಇರುವ ಕಾಳುಗಳು ನಾಯಿಯ ಪ್ರಾಣಕ್ಕೇ ಸಂಚಕಾರ. ಟ್ಯುಲಿಪ್, ಡ್ಯಾಫೊಡಿಲ್ ಗೆಡ್ಡೆಗಳೂ ವಿಷವೇ. ತೋಡುವ ನಾಯಿ ಇರುವ ಮನೆಯಲ್ಲಿ ಇವುಗಳ ಆಸೆ ಬಿಡುವುದು ಒಳ್ಳೆಯದು.

ಮೂರನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಹುಲ್ಲುಹಾಸಿನ ನಡುವೆ ಅಲ್ಲಲ್ಲಿ ಅಂಗೈಯಗಲದ ತೂತುಗಳು. ತೋಡುವ ಮೊದಲು ಗುಂಡ ತಲೆ ಓರೆ ಮಾಡಿ ಆಲಿಸುತ್ತಾನೆ ಎಂದು ಮಗಳು ಬರೆದಿದ್ದಳು. ಹುಲ್ಲು ಎತ್ತಿ ನೋಡಿದರೆ ಬೇರಿನಲ್ಲಿ ಬೆಳ್ಳಗಿನ ಗೊಣ್ಣೆಹುಳು. ಹುಳುವಿಗೆ ಮದ್ದು ಮಾಡಿದೆವು, ಬೇಟೆ ನಿಂತಿತು. ಯಾವ ಔಷಧ ಹಾಕಿದರೂ ನಾಯಿಯನ್ನು ಎಷ್ಟು ಹೊತ್ತು ದೂರ ಇಡಬೇಕೆಂದು ಚೀಟಿಯಲ್ಲಿ ಓದಿಕೊಳ್ಳಿ.

ನಾಲ್ಕನೆಯದು ಫೆನ್ಸ್ ಕೆಳಗಿನದು. ನಮ್ಮ ನಿದ್ದೆ ಕೆಡಿಸಿದ್ದು ಅದೇ. ನೋಟ್‌ಬುಕ್‌ನ ಆ ಪುಟ ತೆಗೆದರೆ ಪ್ರತಿ ಸಾಲಿನ ಕೊನೆಯಲ್ಲೂ ಮಗಳ ಗುಂಡಗಿನ ಅಕ್ಷರದಲ್ಲಿ ಒಂದೇ ಮಾತು: "ಅಜ್ಜಿ ಒಳಗೆ, ಗುಂಡ ಹೊರಗೆ." ಮಂಗಳವಾರ, ಬುಧವಾರ, ಗುರುವಾರ ನಾವಿಬ್ಬರೂ ಆಫೀಸಿಗೆ, ಮಗಳು ಬೇಸಿಗೆ ಶಿಬಿರಕ್ಕೆ. ಅತ್ತೆಗೆ ಮನೆಯೊಳಗೆ ನಾಯಿ ಎಂದರೆ ಸ್ವಲ್ಪ ಮಡಿ, ಸ್ವಲ್ಪ ಭಯ. ನಾವು ಹೋದ ಕೂಡಲೇ ಹಿಂದಿನ ಬಾಗಿಲು ತೆಗೆದು ಅವನನ್ನು ಆಚೆ ಕಳಿಸುತ್ತಿದ್ದರು. ಮಧ್ಯಾಹ್ನದ ನಮ್ಮ ನಿಯಮ ನಾವಿದ್ದಾಗ ಮಾತ್ರ ನಡೆಯುತ್ತಿತ್ತು. ಎಂಟು ಗಂಟೆ ಕಾಲ ಟೆರಿಯರ್ ಹೊರಗೆ ಒಂಟಿ. ಫೆನ್ಸ್ ಆಚೆ ಪಕ್ಕದ ಮನೆಯ ನಾಯಿ. ತೋಡದೆ ಇನ್ನೇನು ಮಾಡಿಯಾನು?

ಅತ್ತೆಯನ್ನು ಕೇಳಿದಾಗ ಅವರು ಸಿಟ್ಟಾಗಲಿಲ್ಲ. "ನಂಗೂ ಹೊತ್ತು ಹೋಗಲ್ಲ ಕಣಮ್ಮ. ಮೂರು ಗಂಟೆಗೆ ಕಿಟಕೀಲಿ ನಿಂತ್ರೆ ಅದು ಅಲ್ಲಿಂದ ನನ್ನ ನೋಡ್ತಿರುತ್ತೆ, ನಾನು ಇಲ್ಲಿಂದ ಅದನ್ನ ನೋಡ್ತಿರ್ತೀನಿ" ಎಂದರು. ಕಾರು ಓಡಿಸಲು ಬಾರದ, ಬೀದಿಯಲ್ಲಿ ಮಾತಾಡಲು ಒಬ್ಬರೂ ಸಿಗದ ಈ ಊರಲ್ಲಿ ಅವರ ಎಂಟು ಗಂಟೆ ಹೇಗೆ ಕಳೆಯುತ್ತದೆ ಎಂದು ನಾವು ಯಾವ ನೋಟ್‌ಬುಕ್‌ನಲ್ಲೂ ಬರೆದಿರಲಿಲ್ಲ.

ಫೆನ್ಸ್ ಕೆಲಸ ನನ್ನ ಗಂಡನದು. ಬುಡದುದ್ದಕ್ಕೂ ತಂತಿಬಲೆಯನ್ನು ಇಂಗ್ಲಿಷ್ 'ಎಲ್' ಅಕ್ಷರದಂತೆ ಮಡಚಿ, ಒಂದು ಬದಿ ಫೆನ್ಸ್‌ಗೆ ಹೊಡೆದು, ಇನ್ನೊಂದು ಬದಿಯನ್ನು ಹಿತ್ತಲ ಕಡೆಗೆ ನೆಲದಡಿ ಹೂತು, ಮೇಲೆ ದಪ್ಪ ಕಲ್ಲುಗಳನ್ನು ಅರ್ಧ ಮುಳುಗುವಂತೆ ಇಟ್ಟರು. ಅಮೆರಿಕದಲ್ಲಿರುವವರು ಹಿತ್ತಲಲ್ಲಿ ಹಾರೆ ಹಾಕುವ ಕೆಲವು ದಿನ ಮೊದಲು 811ಕ್ಕೆ ಫೋನ್ ಮಾಡಬೇಕು. ಗ್ಯಾಸ್, ಕರೆಂಟು ಲೈನು ಎಲ್ಲಿದೆ ಎಂದು ಬಂದು ಗುರುತು ಹಾಕಿ ಹೋಗುತ್ತಾರೆ, ದುಡ್ಡಿಲ್ಲ. ಆಸ್ಟ್ರೇಲಿಯಾದಲ್ಲೂ 'ಬಿಫೋರ್ ಯು ಡಿಗ್' ಎಂಬ ಇಂಥದೇ ಸೇವೆ ಇದೆ.

ಆದರೆ ದಾರಿ ಮುಚ್ಚಿದರೆ ಆಸೆ ಮುಚ್ಚುವುದಿಲ್ಲವಲ್ಲ. ಅದಕ್ಕೆ ಗುಂಡನಿಗೇ ಒಂದು ಗುಂಡಿ ಕೊಟ್ಟೆವು. ನೆರಳಿರುವ ಮೂಲೆಯಲ್ಲಿ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲದ ಮರದ ಚೌಕಟ್ಟು, ಒಳಗೆ ಮಕ್ಕಳ ಆಟದ ಮರಳು ಮತ್ತು ಮಣ್ಣು. ಮೊದಲ ದಿನ ಅವನ ಕಣ್ಣೆದುರೇ ಚೆಂಡನ್ನು ಅರ್ಧ ಹೂತಿಟ್ಟು "ಇಲ್ಲಿ" ಎಂದೆವು. ತೋಡಿ ತೆಗೆದ ಕೂಡಲೇ ಶಭಾಷ್, ಒಂದು ತಿಂಡಿ. ಮರುದಿನ ಇನ್ನಷ್ಟು ಆಳ. ಬೇರೆ ಕಡೆ ಕೆರೆಯುವುದು ಕಂಡರೆ ಒಂದು ಚಪ್ಪಾಳೆ, "ಅಲ್ಲಿ ಬೇಡ, ಇಲ್ಲಿ" ಎಂದು ಕರೆತಂದು ಚೌಕಟ್ಟಿನೊಳಗೆ ನಿಲ್ಲಿಸುವುದು. ಮೊದಲು ನಾನು ಇಂಗ್ಲಿಷಿನಲ್ಲಿ, ಮಗಳು ಎರಡರಲ್ಲೂ, ಅತ್ತೆ ಕನ್ನಡದಲ್ಲಿ ಹೇಳಿ ನಾಯಿಗೆ ತಲೆ ಕೆಟ್ಟಿತ್ತು. ಎಲ್ಲರೂ ಒಂದೇ ಮಾತು ಹೇಳಬೇಕೆಂದಾಗ ಅತ್ತೆಯ ಮಾತೇ ಗೆದ್ದಿತು.

ಕೈಗೆ ಸಿಕ್ಕಿಬಿದ್ದಾಗ ಮಾತ್ರ ಹೇಳಬೇಕು, ಇದು ಬಹಳ ಮುಖ್ಯ. ಸಂಜೆ ಬಂದು ಬೆಳಗಿನ ಗುಂಡಿ ತೋರಿಸಿ ಬೈದರೆ ನಾಯಿಗೆ ಅರ್ಥವಾಗುವುದಿಲ್ಲ. "ತಪ್ಪು ಮಾಡಿದ ಮುಖ ನೋಡಿ, ಅವನಿಗೆ ಗೊತ್ತು" ಎನ್ನುತ್ತೇವಲ್ಲ, ಅದನ್ನು ನ್ಯೂಯಾರ್ಕ್‌ನ ಬಾರ್ನರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಆ ಮುಖ ಕಂಡದ್ದು ಯಜಮಾನರು ಬೈದಾಗ. ನಾಯಿ ನಿಜವಾಗಿ ತಪ್ಪು ಮಾಡಿತ್ತೇ ಇಲ್ಲವೇ ಎಂಬುದಕ್ಕೂ ಆ ಮುಖಕ್ಕೂ ಸಂಬಂಧವಿರಲಿಲ್ಲ. ಗುಂಡಿಗೆ ನೀರು ತುಂಬಿ ನಾಯಿಯ ಮೂತಿ ಅದ್ದಬೇಕೆಂಬ ಹಳೆಯ ಸಲಹೆಯೂ ಕಿವಿಗೆ ಬೀಳಬಹುದು. ಅದು ಶುದ್ಧ ಕ್ರೌರ್ಯ, ನಾಯಿ ಕಲಿಯುವುದು ನಿಮ್ಮನ್ನು ಕಂಡರೆ ಹೆದರುವುದನ್ನು ಮಾತ್ರ.

ಬೆಳಿಗ್ಗೆ ಆಫೀಸಿಗೆ ಮೊದಲು ನಲವತ್ತು ನಿಮಿಷದ ನಡಿಗೆ ನನ್ನ ಪಾಲಿಗೆ ಬಂತು. ಸುಸ್ತಾದ ನಾಯಿ ಅರ್ಧ ಸರಿಯಾದ ನಾಯಿ. ಇಷ್ಟೆಲ್ಲ ಮಾಡಿಯೂ ಬಾಗಿಲು, ಫೆನ್ಸ್ ಕೆರೆದು ಉಗುರಲ್ಲಿ ರಕ್ತ ಬರಿಸಿಕೊಳ್ಳುವ ನಾಯಿಗಳಿವೆ. ಅದು ಬೇಸರವಲ್ಲ, ಒಂಟಿಯಾಗಿರಲಾಗದ ಗಾಬರಿ, ವೆಟ್ ನೋಡಲೇಬೇಕು. ಹೆಣ್ಣು ನಾಯಿ ಇದ್ದಕ್ಕಿದ್ದಂತೆ ಮೂಲೆ ಹುಡುಕಿ ತೋಡತೊಡಗಿದರೂ ಒಮ್ಮೆ ತೋರಿಸಿ. ಗರ್ಭವೋ ಹುಸಿಗರ್ಭವೋ ಇರಬಹುದು.

ತಿಂಗಳ ಗಡುವು ಮುಗಿದಾಗ ನೋಟ್‌ಬುಕ್‌ನಲ್ಲಿ ಕೊನೆಯ ವಾರದ ಲೆಕ್ಕ ಹೀಗಿತ್ತು: ಚೌಕಟ್ಟಿನೊಳಗೆ ಹತ್ತೊಂಬತ್ತು ಸಲ, ಹುಲ್ಲುಹಾಸಿನಲ್ಲಿ ಎರಡು, ಫೆನ್ಸ್ ಹತ್ತಿರ ಸೊನ್ನೆ. ಗಂಡ ನೋಡಿ ಏನೂ ಹೇಳಲಿಲ್ಲ. ಮರುದಿನ ಹೊಸ ನಾಯಿ ಹಾಸಿಗೆ ತಂದರು. ಅತ್ತೆಗೂ ಗುಂಡನಿಗೂ ಒಂದು ರಾಜಿಯಾಗಿತ್ತು: ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ, ಹಾಲ್‌ನಲ್ಲಿ ಚಾಪೆಯ ಮೇಲೆ ಇರಬಹುದು. ಮೂರು ಗಂಟೆಗೆ ನೆರಳು ಹೊರಳಿದ ಮೇಲೆ ಕುರ್ಚಿ ಹಾಕಿಕೊಂಡು ಚೌಕಟ್ಟಿನ ಪಕ್ಕ ಕೂತು, ಬೇಯಿಸಿದ ಗೆಣಸಿನ ತುಂಡುಗಳನ್ನು ಕೋಲಿನಿಂದ ಮರಳಲ್ಲಿ ಹೂಳುವುದು ಅವರ ದಿನಚರಿಯಾಯಿತು.

ಅಕ್ಟೋಬರ್‌ನಲ್ಲಿ ಅವರು ಊರಿಗೆ ಹೊರಟರು. ಮತ್ತೆ ಬೀಜ ಹಾಕಿದ ಪಾತಿಯಲ್ಲಿ ಅಷ್ಟರೊಳಗೆ ಏಳು ಹೀರೇಕಾಯಿ ಬಿಟ್ಟಿದ್ದವು. ಈಗ ಭಾನುವಾರ ವಿಡಿಯೋ ಕಾಲ್ ಮಾಡಿದರೆ ಮೊಮ್ಮಗಳ ಶಾಲೆಗಿಂತ ಮೊದಲು ಕೇಳುವುದು, "ಇವತ್ತು ಗುಂಡನ ಗುಂಡೀಲಿ ಏನು ಹೂತಿಟ್ರಿ?" ಎಂದು.